ಇನ್ನೂರು ಹೆಸರಿಗೊಂದು ಉಸಿರು

"ನೋಡಮ್ಮ, ಮತ್ತೆ ಕಲ್ಲಾಗಿ ಕೂತ್ಬಿಡ್ತು," ಎನ್ನುತ್ತ ಕಚೇರಿ ನೋಡಿಕೊಳ್ಳುವ ನಾಗೇಶ್ ಕಂಪ್ಯೂಟರಿನ ಸ್ವಿಚ್ಚಿಗೆ ಕೈ ಹಾಕಿದ.

"ಅಯ್ಯೋ, ಆಫ್ ಮಾಡ್ಬೇಡಿ ಸಾರ್!" ಎಂದು ಸುಪ್ರಿಯಾ ಕೂಗುವಷ್ಟರಲ್ಲಿ ಪರದೆ ಕಪ್ಪಾಗಿತ್ತು. ಗಂಟೆ ನಾಲ್ಕೂವರೆ.

ಶಿವಮೊಗ್ಗದಿಂದ ಬಸ್ಸು ಹಿಡಿದು ಭದ್ರಾವತಿಯ ಈ ಕಾರ್ಮಿಕ ಸಂಘದ ಕಚೇರಿಗೆ ಅವಳು ಬಂದದ್ದೇ ಇದನ್ನು ನೋಡಲು. ಮುಚ್ಚಿಹೋದ ಎರಕದ ಕಾರ್ಖಾನೆಯ ಕೆಲಸಗಾರರು ತಾವಿರುವ ಕ್ವಾರ್ಟರ್ಸ್ ಉಳಿಸಿಕೊಳ್ಳಲು ಅರ್ಜಿ ಹಾಕುವ ವೆಬ್ ಪುಟವನ್ನು ಶಿವಮೊಗ್ಗದ ವಿನೋಬನಗರದ ತನ್ನ ಕೋಣೆಯಲ್ಲಿ ಕೂತು ಬರೆದವಳು ಅವಳೇ. ಹಳೆಯ ಹಾಜರಿ ಪಟ್ಟಿಯ ನಲವತ್ತು ಸಾವಿರ ಸಾಲುಗಳಲ್ಲಿ ಹೆಸರು ಸಿಕ್ಕರೆ ಅರ್ಜಿ ತೆರೆಯುತ್ತದೆ, ಹೆಬ್ಬೆಟ್ಟು ಒತ್ತಿದರೆ ಸಲ್ಲಿಕೆಯಾಗುತ್ತದೆ. ಅವಳ ಲ್ಯಾಪ್‌ಟಾಪಿನಲ್ಲಿ ಹತ್ತು ಸೆಕೆಂಡಿನ ಕೆಲಸ. ಆದರೆ ಹೆಬ್ಬೆಟ್ಟು ಒತ್ತುವ ಯಂತ್ರ ಜೋಡಿಸಿದ್ದು ಇಲ್ಲಿನ ಮುದಿ ಕಂಪ್ಯೂಟರಿಗೆ ಮಾತ್ರ, ಅದರಲ್ಲಿ ಹತ್ತು ನಿಮಿಷ. ಅಷ್ಟು ಹೊತ್ತೂ ಪುಟ ಮಿಸುಕುವುದಿಲ್ಲ, ಏನು ಒತ್ತಿದರೂ ಓಗೊಡುವುದಿಲ್ಲ. ಉಪ್ಪು ತಿಂದವಳು ಅವಳು, ನೀರು ಕುಡಿಯುತ್ತಿದ್ದವರು ಬೆಂಚಿನ ಮೇಲಿನ ಮೂರ್ತಪ್ಪ.

ಕಚೇರಿಯವರು, ಗೇಟಿನವರು ಪಟ್ಟಿಯ ತಲೆಯಲ್ಲೇ ಇದ್ದರು, ಬೇಗ ಸಿಕ್ಕಿ ಅರ್ಜಿ ಹಾಕಿಯಾಗಿತ್ತು. ಕುಲುಮೆಯವರ ಹೆಸರು ಪಟ್ಟಿಯ ಕಟ್ಟಕಡೆಯಲ್ಲಿತ್ತು. ಕುಲುಮೆಯ ಫೋರ್ಮನ್ ಆಗಿದ್ದ ಮೂರ್ತಪ್ಪ ನಾಲ್ಕು ದಿನದಿಂದ ಬರುತ್ತಿದ್ದಾರೆ. ಇವತ್ತು ಐದು ಗಂಟೆಗೆ ಅವಧಿ ಮುಗಿಯುತ್ತದೆ. ಅರ್ಜಿ ಹೋಗದಿದ್ದರೆ ಮನೆ ಬಿಡಬೇಕು.

"ಯಾಕೆ ಸಾರ್ ಪ್ರತಿ ಸಲ ಆಫ್ ಮಾಡ್ತೀರಾ?"

"ಮಿಷಿನ್ನು ಸದ್ದಿಲ್ದೆ ನಿಂತ್ರೆ ಮೊದ್ಲು ಮೇನ್ ತೆಗೀಬೇಕು ಕಣಮ್ಮ. ಇಲ್ದಿದ್ರೆ ಯಾರ್ದಾದ್ರೂ ಕೈ ಹೋಗುತ್ತೆ. ನಾನು ಹೆಲ್ಪರ್ ಆಗಿದ್ದಾಗ ಇವ್ರೇ ಕಲ್ಸಿದ್ದು."

ಮೂರ್ತಪ್ಪ ಹೆಮ್ಮೆಯಿಂದ ತಲೆಯಾಡಿಸಿದರು.

ಸುಪ್ರಿಯಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಲ್ಯಾಪ್‌ಟಾಪ್ ತೆರೆದು ಕೆಲಸವನ್ನು ತುಂಡು ತುಂಡು ಮಾಡಿದಳು. ಇನ್ನೂರು ಹೆಸರು ನೋಡುವುದು, ಪುಟಕ್ಕೆ ಒಂದು ಉಸಿರು ಬಿಡಲು ಬಿಡುವು ಕೊಡುವುದು, ಮತ್ತೆ ಇನ್ನೂರು. ಎಷ್ಟಾಯಿತೆಂದು ತೋರಿಸುವ ಅಂಕಿಯನ್ನೂ ಇಟ್ಟಳು. ತಿದ್ದಿದ ಪುಟ ಕಂಪ್ಯೂಟರಿನಲ್ಲಿ ತೆರೆದಾಗ ಐದಕ್ಕೆ ಹತ್ತು ನಿಮಿಷ ಇತ್ತು.

ಅಂಕಿ ಓಡತೊಡಗಿತು. "ಈಗ ಜೀವ ಬಂತು ನೋಡು ಮಾರಾಯ!" ಎಂದು ಮೂರ್ತಪ್ಪ ನಾಗೇಶನ ಬೆನ್ನು ತಟ್ಟಿದರು. ನಾಗೇಶ್ ಕೈಕಟ್ಟಿ ನಿಂತ. ಸ್ವಿಚ್ಚಿನ ಕಡೆ ಅವನು ನೋಡಲೂ ಇಲ್ಲ.

ಉಸಿರಾಡುವುದಕ್ಕೂ ಹೊತ್ತು ಬೇಕಾಗುತ್ತದೆ. ಹತ್ತು ನಿಮಿಷದ ಕೆಲಸ ಈಗ ಹನ್ನೆರಡು ನಿಮಿಷದ್ದು ಎಂದು ಸುಪ್ರಿಯಾಳಿಗೆ ಲೆಕ್ಕ ಸಿಕ್ಕಿದ್ದು ಅಂಕಿ ಇಪ್ಪತ್ತು ಸಾವಿರ ದಾಟಿದ ಮೇಲೆ. ನಾಲ್ಕೂವರೆಗೆ ಹಳೆಯ ಪುಟವನ್ನೇ ಮತ್ತೆ ತೆರೆದು, ಏನನ್ನೂ ತಿದ್ದದೆ, ನಾಗೇಶನ ಕೈಯನ್ನಷ್ಟೇ ಹಿಡಿದುಕೊಂಡು ಹತ್ತು ನಿಮಿಷ ಸುಮ್ಮನೆ ಕೂತಿದ್ದರೆ ಸಾಕಿತ್ತು.

ಗೋಡೆ ಗಡಿಯಾರದಲ್ಲಿ ಐದಾಗಿ ಎರಡು ನಿಮಿಷಕ್ಕೆ ಪರದೆಯ ಮೇಲೆ ಹೆಸರು ಬಂತು: ಮೂರ್ತಪ್ಪ, ಕುಲುಮೆ.

"ಸಿಕ್ತಲ್ಲಮ್ಮ! ನಿನ್ನ ಹೊಟ್ಟೆ ತಣ್ಣಗಿರ್ಲಿ," ಎಂದರು ಅವರು. ಮೂರ್ತಪ್ಪ ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟರು. ಪುಟ ಒಂದು ಕ್ಷಣವೂ ತಡಮಾಡದೆ ಉತ್ತರ ಕೊಟ್ಟಿತು: ಅವಧಿ ಮುಗಿದಿದೆ.

ಬೆವರಿಗೆ ಹೀಗಾಗಿರಬೇಕು ಎಂದುಕೊಂಡು ಅವರು ಹೆಬ್ಬೆರಳನ್ನು ಅಂಗಿಗೆ ಚೆನ್ನಾಗಿ ಒರೆಸಿ ಮತ್ತೆ ಒತ್ತಿದರು.