ಎಸೆಯದ ಚೆಂಡಿನ ಲೆಕ್ಕ

ಒಹಾಯೊದ ಆ ಸಣ್ಣ ಕಾಲೇಜಿನ ಊರಿಗೆ ತನ್ನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಕೋಲ್ಟನ್ ರೀಸ್ ಮೇಲೆ ಎಲ್ಲಿಲ್ಲದ ಹೆಮ್ಮೆ. ತಂಡ ಸೋಲುತ್ತಲೇ ಇತ್ತು, ಅದು ಬೇರೆ ಮಾತು. ಕೋಲ್ಟನ್ನನ ಎಸೆತದ ರೇಟಿಂಗ್ ಮಾತ್ರ ಇಡೀ ಲೀಗಿನಲ್ಲೇ ಮೇಲಿತ್ತು. ಕ್ಷೌರದಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಎಲ್ಲಿ ಹೋದರೂ ಆ ಸಂಖ್ಯೆಯದೇ ಜಪ. ಹುಡುಗ ಚಿನ್ನ, ಅವನನ್ನು ಕಾಯುವವರೇ ದಂಡಪಿಂಡಗಳು ಎಂದು ಜನ ತೀರ್ಪು ಕೊಟ್ಟುಬಿಟ್ಟಿದ್ದರು.

ಆ ಸಂಖ್ಯೆಯ ಮರ್ಮ ಕೋಲ್ಟನ್‌ಗೆ ಗೊತ್ತಿತ್ತು. ಎಸೆದ ಚೆಂಡು ನೆಲಕ್ಕೆ ಬಿದ್ದರೆ ರೇಟಿಂಗ್ ಇಳಿಯುತ್ತದೆ. ಎದುರಾಳಿಯ ಕೈಗೆ ಸಿಕ್ಕರಂತೂ ಕೇಳುವುದೇ ಬೇಡ. ಎಸೆಯದೆ, ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ಕೆಳಗೆ ಬಿದ್ದರೆ ಮಾತ್ರ ರೇಟಿಂಗಿಗೆ ಕೂದಲೂ ಕೊಂಕುವುದಿಲ್ಲ. ಹಾಗೆ ಬೀಳುವುದಕ್ಕೆ ಸ್ಯಾಕ್ ಎನ್ನುತ್ತಾರೆ. ಅದರ ಪಾಪ ಮುಂದೆ ನಿಂತು ಕಾಯುವ ಆಟಗಾರರ ತಲೆಗೆ. ಹೋದ ವರ್ಷ ಒಂದೇ ಪಂದ್ಯದಲ್ಲಿ ಮೂರು ಚೆಂಡು ಎದುರಾಳಿಗಳ ಪಾಲು ಮಾಡಿ, ಉಳಿದ ವರ್ಷವಿಡೀ ಆಡಲು ಸಿಗದೆ ಬೆಂಚಿನ ಮೇಲೆ ಕೊಳೆತವನು ಕೋಲ್ಟನ್. ಆ ಭಯ ಇನ್ನೂ ಹೋಗಿರಲಿಲ್ಲ. ದೂರದಲ್ಲಿ ತನ್ನವನೊಬ್ಬ ಯಾರ ಕಾವಲೂ ಇಲ್ಲದೆ ಓಡುತ್ತಿರುವುದು ಕಾಣುತ್ತಿತ್ತು, ಕೈ ಮೇಲೇಳುತ್ತಲೂ ಇತ್ತು. ಬೆರಳು ಮಾತ್ರ ಚೆಂಡನ್ನು ಬಿಡುತ್ತಿರಲಿಲ್ಲ.

ಅವನ ಎಡಗಡೆ ಕಾಯುತ್ತಿದ್ದವನು ಆಗಸ್ಟ್ ಪಾವ್ಲಿಕ್, ಒಂದೇ ಕೋಣೆಯಲ್ಲಿ ಇರುವ ಗೆಳೆಯ. ಮಾತು ಕಡಿಮೆ, ಊಟ ಜಾಸ್ತಿ. ಆಗಸ್ಟನ ಅಪ್ಪ ಪ್ರತಿ ಪಂದ್ಯಕ್ಕೂ ಬೆಣ್ಣೆಯಲ್ಲಿ ಹುರಿದ ಪಿಯೆರೋಗಿ ಕಡುಬು ಹೊತ್ತು ತಂದು ಇಬ್ಬರಿಗೂ ಸಮನಾಗಿ ಹಂಚುತ್ತಿದ್ದ. ತನ್ನ ಮಗನನ್ನು ದಾಟಿಕೊಂಡು ಯಾರೂ ಕೋಲ್ಟನ್ನನ್ನು ಮುಟ್ಟಲಾರರು ಎಂದು ಎದೆ ತಟ್ಟಿ ಹೇಳುತ್ತಿದ್ದ. ಕೋಲ್ಟನ್ ತಲೆ ತಗ್ಗಿಸಿ ತಿನ್ನುತ್ತಿದ್ದ.

ನವೆಂಬರಿನ ಮೊದಲ ಪಂದ್ಯದಲ್ಲಿ ಕೋಲ್ಟನ್ ಆರು ಸಲ ನೆಲ ಕಚ್ಚಿದ. ಹೆಚ್ಚಿನವು ಆಗಸ್ಟನ ಹೆಸರಿಗೆ ಬಿದ್ದವು. ಸೋಮವಾರ ಕೋಚ್ ಹೆಂಡ್ರಿ ಆಗಸ್ಟನ ಜಾಗವನ್ನು ಬೇರೊಬ್ಬನಿಗೆ ಕೊಟ್ಟರು. ಆಗಸ್ಟನದು ಕೊನೆಯ ವರ್ಷ. ಇನ್ನು ಅವನು ಆಡುವುದು ಮುಗಿದ ಹಾಗೆಯೇ. ಅವನು ಯಾರ ಮೇಲೂ ರೇಗಲಿಲ್ಲ, ತಪ್ಪು ತನ್ನದೇ ಎಂದು ನಂಬಿಬಿಟ್ಟ. ರೇಗಿದ್ದರೆ ಕೋಲ್ಟನ್ ಹೇಗೋ ತಡೆದುಕೊಳ್ಳುತ್ತಿದ್ದ. ಈಗ ನಿಜ ಹೇಳಿದರೆ ಬೆಂಚು, ಹೇಳದಿದ್ದರೆ ದಿನವೂ ಆ ಮುಖ.

ಕೊನೆಗೆ ಧೈರ್ಯ ಮಾಡಿ ಕೋಚ್ ಬಳಿ ಹೋದ. ತಪ್ಪು ಆಗಸ್ಟನದಲ್ಲ, ಎಸೆಯಲು ಹೆದರಿ ಬೀಳುತ್ತಿರುವವನು ತಾನು ಎಂದು ನಿಂತಲ್ಲೇ ಒದರಿಬಿಟ್ಟ. ಮೈ ಹಗುರಾಯಿತು. ಬೈಗುಳಕ್ಕೆ ಕಾದ.

"ಗೊತ್ತು ಕಣೋ," ಎಂದರು ಕೋಚ್. "ವಾರ ವಾರ ವಿಡಿಯೋ ನೋಡೋನು ನಾನು. ನಂಗೇನ್ ಕಣ್ಣಿಲ್ವಾ?"

"ಮತ್ತೆ ಅವನನ್ನ ಯಾಕ್ ತೆಗೆದ್ರಿ?"

ಕೋಚ್ ಎದ್ದು ಬಾಗಿಲು ಹಾಕಿದರು. ತಂಡವಂತೂ ಗೆಲ್ಲುತ್ತಿಲ್ಲ, ಮೇಲಿನವರಿಗೆ ತೋರಿಸಲು ಇರುವುದು ಆ ರೇಟಿಂಗ್ ಒಂದೇ ಎಂದರು. ಅದು ಬಿದ್ದರೆ ತಾವೂ ಗಂಟುಮೂಟೆ ಕಟ್ಟಬೇಕು.

"ನೀನು ಬಿದ್ದಿದ್ದನ್ನ ಯಾರದಾದ್ರೂ ಹೆಸ್ರಿಗೆ ಬರೀಬೇಕಲ್ಲ. ಪಾವ್ಲಿಕ್ ಚೆನ್ನಾಗೇ ಕಾಯ್ತಾನೆ. ಆದ್ರೆ ಕಾದಿದ್ದಕ್ಕೆ ಅವನಿಗೆ ಯಾವ ನಂಬರೂ ಇಲ್ಲ."

"ನಾನೇ ಅವನಿಗೆ ಹೇಳ್ತೀನಿ."

"ಹೇಳು. ಹೇಳಿದ್ಮೇಲೆ ಶನಿವಾರದ ಮ್ಯಾಚಲ್ಲಿ ಎಸೀತೀಯಾ?"

ಕೋಲ್ಟನ್ ಬಾಗಿಲು ತೆರೆದುಕೊಂಡು ಹೊರಗೆ ಬಂದ.

ಮೈದಾನದಲ್ಲಿ ಆಗಸ್ಟ್ ಒಬ್ಬನೇ ಬೆವರು ಸುರಿಸುತ್ತಿದ್ದ. ಗೆಳೆಯನನ್ನು ಕಂಡು ಮುಖ ಅರಳಿತು.

"ಬಾರೋ, ನನ್ ಮೇಲೆ ನುಗ್ಗು. ನಾನ್ ಎಲ್ಲಿ ತಪ್ತಿದ್ದೀನಿ ನೋಡಿ ಹೇಳು."

ಕೋಲ್ಟನ್ ನುಗ್ಗಿದ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಇದ್ದ ಶಕ್ತಿಯೆಲ್ಲ ಹಾಕಿ ನುಗ್ಗಿದ. ಒಂದು ಸಲವೂ ಆಗಸ್ಟನನ್ನು ದಾಟಲಾಗಲಿಲ್ಲ.

"ಎಲ್ಲಿ?" ಎಂದು ಕೇಳಿದ ಆಗಸ್ಟ್, ಏದುಸಿರು ಬಿಡುತ್ತ.

ಕೋಲ್ಟನ್ ಅವನ ಮುಖ ನೋಡಿದ, ಆಮೇಲೆ ಹುಲ್ಲು ನೋಡಿದ.

"ಎಡಗಾಲು," ಎಂದ. "ಸ್ವಲ್ಪ ತಡ ಆಗ್ತಿದೆ."

"ಥ್ಯಾಂಕ್ಸ್ ಕಣೋ," ಎಂದು ಆಗಸ್ಟ್ ಎಡಗಾಲನ್ನು ಒಂದಿಷ್ಟು ಹಿಂದಕ್ಕಿಟ್ಟು ಮತ್ತೆ ಕಾಯಲು ನಿಂತ.