ಮೂವತ್ತೆಂಟು ದೀಪಗಳ ಓಣಿ

ಗೋಕಾಕದ ನಮ್ಮ ಓಣಿಯಲ್ಲಿ ಯಾರ ಮನೆಗೂ ಮೀಟರು ಇರಲಿಲ್ಲ. ಮನೆಗೊಂದು ಬಲ್ಬು, ಒಟ್ಟು ಮೂವತ್ತೆಂಟು ಎಂದು ಕಂಪನಿಯವರು ಬರೆದುಕೊಂಡಿದ್ದರು. ೧೯೪೧ರ ಲಗ್ನದ ದಿನಗಳಲ್ಲಿ ವಾರಕ್ಕೆರಡು ಸಲ ದೀಪಗಳೆಲ್ಲ ಕೆಂಪಗೆ ಕುಗ್ಗಿ ಫ್ಯೂಸು ಸುಡತೊಡಗಿತು. ಯಾರೋ ಕರೆಂಟು ಕದ್ದು ಎಳೆಯುತ್ತಿದ್ದರು.

ಕಂಪನಿಯ ವಾಯರ್‌ಮನ್ ಆಗಿದ್ದ ನಮ್ಮಪ್ಪ ಮುರಿಗೆಪ್ಪ, ದರ್ಜಿ ಅಲ್ಲಪ್ಪನ ಹೆಸರು ಹೇಳಿದ. "ಹೊತ್ತು ಮುಳುಗಿದ ಮ್ಯಾಲೂ ಹೊಲೀತಾನ, ಕದ್ದು ಬಲ್ಬ್ ಹಚ್ಚಿರಬೇಕು. ಮತ್ಯಾರು?" ಹತ್ತು ದಿನ ಬಿಟ್ಟು ಬರುವ ಸೋಮವಾರ ಅಲ್ಲಪ್ಪನ ತಂತಿ ಕಡಿಯುವುದೆಂದಾಯಿತು. ದೀಪವಿಲ್ಲದೆ ಲಗ್ನದ ಬಟ್ಟೆ ಹೊಲಿದು ಮುಗಿಸುವುದು ಅವನಿಂದಾಗದು.

ನನಗೇಕೋ ಸಂಶಯ. ನಾಲ್ಕು ಮಂದಿಯ ಎದುರು ಬಾಯಿ ಬಿಡದವಳು, ಯಾರನ್ನು ಕೇಳಲಿ? ಎಂಟು ಸಂಜೆ ಮಾಳಿಗೆಯ ಮೇಲೆ ನಿಂತು, ಉರಿಯುವ ದೀಪ ಎಣಿಸಿ ದಿನಚರಿಯಲ್ಲಿ ಬರೆದೆ.

ಎದುರುಮನೆಯ ಲಗಮವ್ವ ಕೆಳಗಿನಿಂದ ಕೂಗಿದಳು: "ಬಿ.ಎ. ಪಾಸಾಗಿ ದೀಪಾ ಎಣಸೂ ನೌಕರಿ ಸಿಕ್ತೇನವಾ? ಪಗಾರ ಎಷ್ಟ?"

ಬೆಳಕು ಚೆನ್ನಾಗಿದ್ದ ಸಂಜೆಗಳಲ್ಲಿ ಮೂವತ್ತೆಂಟು. ಕುಗ್ಗಿದ ಎರಡು ಸಂಜೆಯೂ ಮೂವತ್ತೇಳು. ಕದಿಯುವಾಗ ದೀಪ ಹೆಚ್ಚಬೇಕು, ಕಡಿಮೆಯೇಕೆ? ಎರಡೂ ಸಲ ಅಲ್ಲಪ್ಪನ ದೀಪ ಉರಿಯುತ್ತಲೇ ಇತ್ತು. ಕತ್ತಲಾಗಿದ್ದದ್ದು ಅಪ್ಪನ ತಮ್ಮನ ಹೆಂಡತಿ ಕಾಶೆವ್ವ ಚಿಗವ್ವನ ಮನೆ.

ರವಿವಾರ ದೀಪಗಳು ಮತ್ತೆ ಕುಗ್ಗಿದೊಡನೆ ಓಡಿಹೋಗಿ ಅವಳ ಬಾಗಿಲು ತಳ್ಳಿದೆ. ಚಿಗವ್ವ ಬಲ್ಬು ಬಿಚ್ಚಿಟ್ಟು, ಅದೇ ಹೋಲ್ಡರಿಗೆ ಕರೆಂಟಿನ ಇಸ್ತ್ರಿ ಸಿಕ್ಕಿಸಿ, ಚಿಮಣಿ ಬೆಳಕಿನಲ್ಲಿ ವಕೀಲರ ಕೋಟು ಉಜ್ಜುತ್ತಿದ್ದಳು. ಅದೊಂದೇ ಹದಿನೈದಿಪ್ಪತ್ತು ಬಲ್ಬಿನಷ್ಟು ಎಳೆಯುತ್ತದೆ.

"ಇದನ್ನ ಯಾರು ಜೋಡಿಸಿಕೊಟ್ರು, ಚಿಗವ್ವಾ?"

"ಗೊತ್ತಿಲ್ಲದಂಗ ಕೇಳ್ತಿ ನೋಡು. ನಿಮ್ಮಪ್ಪಗ ಕೇಳು, ಹೋಗು."

ಅಪ್ಪ ರೊಟ್ಟಿ ಮುರಿಯುತ್ತ ನನ್ನ ಮಾತನ್ನೆಲ್ಲ ಕೇಳಿಸಿಕೊಂಡ. "ಗಂಡ ಸತ್ತಾಕಿ. ಆ ಇಸ್ತ್ರಿ ಮ್ಯಾಲ ಹೊಟ್ಟಿ ಹೊರೀತಾಳ. ಅಲ್ಲಪ್ಪ ಹಗಲಿ ಹೊಲಕೊಂತಾನ ತಗೋ. ನೀ ಸುಮ್ಮನಿರು."

ಎಲ್ಲರಿಗಿಂತ ಮೊದಲು ಅಲ್ಲಪ್ಪನನ್ನು ಕಳ್ಳನೆಂದವನು ಅಪ್ಪನೇ.

ಸೋಮವಾರ ಕಂಪನಿಯ ಸಾಹೇಬರು ಬಂದರು. ಅಪ್ಪ ಇಕ್ಕಳ ಹಿಡಿದು ಕಂಬ ಹತ್ತಿದ. ಅಲ್ಲಪ್ಪ ಕೈಮುಗಿದು, "ನಂದೊಂದಽ ಬಲ್ಬ್ ಐತ್ರಿ, ಒಳಗ ಬಂದು ನೋಡ್ರಿ," ಎನ್ನುತ್ತಿದ್ದ. ಯಾರೂ ನೋಡಲಿಲ್ಲ.

ನಾನು ಹೊಸ್ತಿಲು ದಾಟಿದೆ. "ಸಾಹೇಬರ, ಕರೆಂಟ್ ಕುಗ್ಗೂ ದಿನ ಈ ಮನಿ ದೀಪ ಉರೀತಿರತೈತ್ರಿ. ಕತ್ತಲಾಗೂ ಮನಿ ಬ್ಯಾರೆ ಐತಿ."

"ಯಾವುದವ್ವಾ ಅದು?"

ನಾನು ಕಂಬದ ಮೇಲೆ ನೋಡಿದೆ. ಇಕ್ಕಳ ತಂತಿಯನ್ನು ಕಚ್ಚಿ ಹಾಗೇ ನಿಂತಿತ್ತು.

"ಆಕಿನ್ನ ಕೇಳಬ್ಯಾಡ್ರಿ," ಎಂದ ಅಪ್ಪ. "ಇಳಿದು ಬಂದು ನಾನಽ ಹೇಳ್ತೇನ್ರಿ."