ಮೂಡುಬದಿಯ ತಟ್ಟಿ

ಹೋದ ಡಿಸೆಂಬರಿನ ಚಳಿಗೆ ನನ್ನ ಹೆಣ್ಣು ಇಗುವಾನಾ ಸತ್ತಿತು. ಇಗುವಾನಾ ಎಂದರೆ ಪರದೇಶದ ಹಸಿರು ಓತಿ, ಬಾಲ ಸೇರಿದರೆ ನನ್ನ ತೋಳಿಗಿಂತ ಉದ್ದ. ಹೊಳನಗದ್ದೆಯಲ್ಲಿ ಅದನ್ನು ಸಾಕುವ ಹುಚ್ಚು ಮಾಸ್ತರ ನಾನೊಬ್ಬನೇ. ಈಗ ಉಳಿದದ್ದು ಗಂಡು. ಇದೂ ಹೋದರೆ ಇನ್ನು ಯಾವ ಜೀವವನ್ನೂ ಸಾಕುವುದಿಲ್ಲ ಎಂದು ನಿಶ್ಚಯಿಸಿದ್ದೆ.

ಅಂಗಳದಲ್ಲಿ ದೊಡ್ಡ ತಂತಿಬಲೆಯ ಗೂಡು, ಒಳಗೆ ಗೇರುಕೊಂಬೆ, ಕೆಳಗೆ ಕೆಂಪು ಚಿರೆಕಲ್ಲು. ದೀಪಾವಳಿ ಮುಗಿದದ್ದೇ ಪಡುಬದಿಗೆ ತೆಂಗಿನ ಮಡಲಿನ ತಟ್ಟಿ ಬಿಗಿದೆ. ಮಳೆಗಾಲಕ್ಕೆ ಮನೆಗೆ ಎಲ್ಲರೂ ಕಟ್ಟುವುದು ಅದೇ ಬದಿಗೆ, ಅದರಲ್ಲಿ ಯೋಚಿಸುವುದೇನು? ಆದರೂ ಬೆಳಗಾದರೆ ಪ್ರಾಣಿ ಚಳಿಗೆ ಕಪ್ಪಿಟ್ಟು ಕೊಂಬೆಗೆ ಅಂಟಿಕೊಂಡಿರುತ್ತಿತ್ತು. ಸತ್ತಿತೋ ಎಂದು ಬೆರಳಿನಿಂದ ಮುಟ್ಟಿ ನೋಡುತ್ತಿದ್ದೆ.

ಶೇಂಗಾ ಗದ್ದೆಯ ಕೆಲಸಕ್ಕೆ ಹೊರಟಿದ್ದ ತಿಮ್ಮಿ ಒಂದು ದಿನ ಬೇಲಿಯಾಚೆ ನಿಂತಳು.

“ಎಂತಾ ಮಾಸ್ತರೆ ಇದು? ಚಳಿ ಬರುದು ಮೂಡಿಂದ, ನೀವು ಮುಚ್ಚಿದ್ದು ಪಡುಬದಿ. ಸಂಜೆ ಬಿಸ್ಲೂ ಹೋತಲ್ರಾ!”

ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. “ಹಂಗಾರೆ ನೀನೇ ಕಟ್ಟು” ಎಂದೆ.

ಬುಟ್ಟಿ ಕೆಳಗಿಟ್ಟು ಬಂದೇಬಿಟ್ಟಳು. ತಟ್ಟಿ ಬಿಚ್ಚಿ ಮೂಡಕ್ಕೆ ತಂದು, ಮೇಲ್ತುದಿಯನ್ನು ಮಾತ್ರ ಕತ್ತದ ಹಗ್ಗದಲ್ಲಿ ಕಟ್ಟಿದಳು. ರಾತ್ರಿ ಇಳಿಬಿಡಬೇಕು, ಬಿಸಿಲೇರಿದ ಮೇಲೆ ಎತ್ತಿ ಕೋಲು ಕೊಟ್ಟು ನಿಲ್ಲಿಸಬೇಕು. ಸಂಜೆಬಿಸಿಲು ಬೀಳುವಲ್ಲಿಗೆ ಚಿರೆಕಲ್ಲು ಸರಿಸಿದಳು, ಕತ್ತಲಾದರೂ ಬಿಸಿ ಉಳಿಯಲಿ ಎಂದು. ಸಂದಿಗೆಲ್ಲ ಹುಲ್ಲು ತುರುಕಿದಳು. ಅಳತೆಪಟ್ಟಿ ಮುಟ್ಟಲಿಲ್ಲ, ಒಂದು ಗಂಟೂ ಸಡಿಲವಿಲ್ಲ. ಪುಸ್ತಕ ತಿರುವಿ ತಿರುವಿ ಮೂರು ವಾರ ಒದ್ದಾಡಿದವನು ನಾನು. ನಿಜ ಹೇಳುತ್ತೇನೆ, ಆ ಕೈಗಳಿಗೆ ನಮಸ್ಕರಿಸೋಣ ಅನ್ನಿಸಿತು.

ಮೂರನೆಯ ಬೆಳಿಗ್ಗೆ ತಟ್ಟಿ ಎತ್ತಿದರೆ ಓತಿ ಹಚ್ಚಹಸಿರು! ಕೊಂಬೆಯಿಂದ ಇಳಿದು ಬಂದು ನನ್ನ ಕೈಯ ದಾಸವಾಳ ಕಿತ್ತುಕೊಂಡಿತು. ನಾನು ಚಪ್ಪಲಿಯನ್ನೂ ಮೆಟ್ಟದೆ ಶೇಂಗಾ ಗದ್ದೆಗೆ ಓಡಿದೆ.

“ಬದುಕ್ತು ತಿಮ್ಮಿ! ನಿಂಗೆ ಇದೆಲ್ಲ ಹ್ಯಾಂಗೆ ಗೊತ್ತಾತು?”

“ಕೋಳಿಗೂಡಿಗೆ ವರ್ಷವೂ ಹಿಂಗೇ ಕಟ್ಟುದು” ಎಂದಳು, ಕಳೆ ಕೀಳುತ್ತಲೇ. “ಹೋದ್ವರ್ಷ ದೀಪಾವಳಿ ಆದ್ಮೇಲೂ ಇದ್ನೇ ಹೇಳುಕೆ ಬಂದಿದ್ದೆ. ‘ನಿಂಗೆ ಎಂತ ಗೊತ್ತು, ಕೆಲಸ ನೋಡು’ ಅಂದ್ರಿ. ನಾ ಹೋದೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಬದುವಿನ ಮೇಲೆ ಕುಳಿತುಬಿಟ್ಟೆ. ಆಗ ಹೆಣ್ಣು ಓತಿ ಇನ್ನೂ ಬದುಕಿತ್ತು.